ಸ್ಟ್ರೋಕ್ ಆಗಿ ಹಾಸಿಗೆ ಹಿಡಿದ ಅತ್ತೆಯವರ ಆರೈಕೆ: ಯಾವ ಕೆಲಸ ಮೊದಲು ಕಲಿಯಬೇಕು?

ನೀವು ಕೇಳಿರುವುದು ಇಷ್ಟು: ಅತ್ತೆಯವರಿಗೆ ಸ್ಟ್ರೋಕ್ ಆಗಿ ಬಲಗಡೆ ಸ್ವಾಧೀನವಿಲ್ಲ, ಕ್ಯಾಥೆಟರ್ (ಮೂತ್ರ ಹೊರಹೋಗುವ ಕೊಳವೆ) ಹಾಕಿಯೇ ಮನೆಗೆ ಕಳಿಸಿದ್ದಾರೆ, ಮೆತ್ತಗಿನ ಆಹಾರ ಬಾಯಲ್ಲೇ ಕೊಡಬಹುದು ಅಂದಿದ್ದಾರೆ. ಸ್ನಾನ, ಊಟ, ಮಲಮೂತ್ರ, ಇದರಲ್ಲಿ ಯಾವುದನ್ನು ಮೊದಲು ಕಲಿಯಬೇಕು?

ನರ್ಸಿಂಗ್ ಕೆಲಸದಲ್ಲಿರುವವಳಾಗಿ ನಾನು ಹೇಳುವುದು, ಮೊದಲು ಮಗ್ಗುಲು ಬದಲಿಸುವುದನ್ನು ಕಲಿಯಿರಿ. ಸ್ನಾನ ಒಂದು ದಿನ ತಪ್ಪಿದರೆ ಏನೂ ಆಗುವುದಿಲ್ಲ. ರಾತ್ರಿಯಿಡೀ ಒಂದೇ ಭಂಗಿಯಲ್ಲಿ ಬಿಟ್ಟರೆ ಮಾತ್ರ ಬೆಳಿಗ್ಗೆ ಬೆನ್ನಿನ ಕೆಳತುದಿಯಲ್ಲಿ ಬೆಡ್‌ಸೋರ್, ಅಂದರೆ ಒತ್ತಡದಿಂದಾಗುವ ಹುಣ್ಣು, ಶುರುವಾಗಿರಬಹುದು, ಅದು ಆಳಕ್ಕಿಳಿದರೆ ಮಾಯಲು ತಿಂಗಳುಗಳೇ ಬೇಕು. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡ ಚರ್ಮಕ್ಕೆ ರಕ್ತ ಸರಿಯಾಗಿ ಓಡುವುದಿಲ್ಲ. ನಾವಾದರೆ ನಿದ್ದೆಯಲ್ಲೂ ಹೊರಳುತ್ತೇವೆ. ಅವರಿಂದ ಅದು ಆಗುವುದಿಲ್ಲ, ಬಲಗಡೆ ಸ್ಪರ್ಶ ಮಂದವಾಗಿದ್ದರೆ ನೋಯುತ್ತಿರುವುದೂ ಗೊತ್ತಾಗುವುದಿಲ್ಲ.

ಎರಡು ಗಂಟೆಗೊಮ್ಮೆ ಭಂಗಿ ಬದಲಾಗಬೇಕು: ಅಂಗಾತ, ಎಡಮಗ್ಗುಲು, ಬಲಮಗ್ಗುಲು. ಸ್ವಾಧೀನವಿಲ್ಲದ ಬಲಮಗ್ಗುಲಲ್ಲಿ ಹೊತ್ತು ಕಡಿಮೆ ಇರಲಿ. ಗೋಡೆಗೆ ಒಂದು ಹಾಳೆ ಅಂಟಿಸಿ ಸಮಯ, ಭಂಗಿ ಬರೆಯುತ್ತಾ ಹೋಗಿ. ಇಬ್ಬರು ಸರದಿಯಲ್ಲಿ ನೋಡಿಕೊಳ್ಳುವ ಮನೆಯಲ್ಲಿ ‘ಅವರು ತಿರುಗಿಸಿರಬಹುದು’ ಎಂಬ ಅಂದಾಜಿನಿಂದಲೇ ಹುಣ್ಣಾಗುವುದು.

ಎಡಮಗ್ಗುಲಿಗೆ ತಿರುಗಿಸುವುದು ಹೀಗೆ. ನೀವು ಅವರ ಎಡಗಡೆ ನಿಲ್ಲಿ. ಬಲಗೈಯನ್ನು ಎದೆಯ ಮೇಲೆ ಇಡಿ, ಬಲ ಮೊಣಕಾಲು ಮಡಚಿ. ಒಂದು ಕೈ ಬಲ ಭುಜದ ಹಿಂದೆ, ಇನ್ನೊಂದು ಬಲ ಸೊಂಟದ ಹಿಂದೆ ಇಟ್ಟು, ‘ತಿರುಗಿಸ್ತೀನಿ ಅತ್ತೆ’ ಎಂದು ಹೇಳಿ ನಿಮ್ಮ ಕಡೆಗೆ ಹೊರಳಿಸಿಕೊಳ್ಳಿ. ಸ್ವಾಧೀನವಿಲ್ಲದ ಕೈ ಹಿಡಿದು ಮಾತ್ರ ಎಂದೂ ಎಳೆಯಬೇಡಿ. ಆ ಭುಜದ ಸ್ನಾಯುಗಳಿಗೆ ಹಿಡಿತವಿರುವುದಿಲ್ಲ, ಕೀಲು ಜಾರುತ್ತದೆ. ಬಲಮಗ್ಗುಲಿಗೆ ಮಲಗಿಸಿದಾಗ ಬಲ ಭುಜ ಮೈಯಡಿ ಸಿಕ್ಕಿಕೊಳ್ಳದಂತೆ ಭುಜದ ಹಿಂಬದಿಯಿಂದ ಹಿಡಿದು ಸ್ವಲ್ಪ ಮುಂದಕ್ಕೆ ತನ್ನಿ.

ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಭಾರವೆಲ್ಲ ತೊಡೆಯ ಹೊರಗಿನ ಮೂಳೆಯ ಮೇಲೆ ಬೀಳುತ್ತದೆ, ಅಲ್ಲಿ ಇನ್ನೊಂದು ಹುಣ್ಣು. ಅದಕ್ಕೇ 30 ಡಿಗ್ರಿ ಓರೆ ಸಾಕು. ಭುಜದಿಂದ ಪೃಷ್ಠದವರೆಗೆ ಬೆನ್ನಿಗೆ ಒಂದು ದಿಂಬು, ಮೊಣಕಾಲುಗಳ ನಡುವೆ ಇನ್ನೊಂದು. ಆಮೇಲೆ ನಿಮ್ಮ ಅಂಗೈಯನ್ನು ಅಂಗಾತವಾಗಿ ಅವರ ಬೆನ್ನಿನ ಕೆಳತುದಿಯ ಅಡಿಗೆ ತೂರಿಸಿ ನೋಡಿ. ಕೈ ಸಲೀಸಾಗಿ ಹೋದರೆ ಆ ಜಾಗದ ಮೇಲೆ ಭಾರವಿಲ್ಲ. ಕೈ ಒತ್ತಿಕೊಂಡರೆ ದಿಂಬನ್ನು ಇನ್ನಷ್ಟು ಒಳಗೆ ಸರಿಸಿ. ಅಂಗಾತ ಇದ್ದಾಗ ಮೀನಖಂಡದ ಉದ್ದಕ್ಕೂ ದಿಂಬಿಟ್ಟು ಹಿಮ್ಮಡಿಗಳು ಗಾಳಿಯಲ್ಲಿರುವಂತೆ ಮಾಡಿ. ಹಿಮ್ಮಡಿಯ ಕೆಳಗೇ ದಿಂಬಿಡುವುದರಿಂದ ಪ್ರಯೋಜನವಿಲ್ಲ.

ಒತ್ತಡದಷ್ಟೇ ಕೆಟ್ಟದ್ದು ಎಳೆತ. ತಲೆಯ ಕಡೆ ಎತ್ತಿಟ್ಟರೆ ಮೈ ಮೆಲ್ಲಗೆ ಕೆಳಗೆ ಜಾರುತ್ತದೆ, ಚರ್ಮ ಮಾತ್ರ ಬೆಡ್‌ಶೀಟಿಗೆ ಕಚ್ಚಿಕೊಂಡಿರುತ್ತದೆ, ಒಳಗಿನ ಸಣ್ಣ ರಕ್ತನಾಳಗಳು ಜಗ್ಗುತ್ತವೆ. ಊಟದ ಹೊತ್ತು ಬಿಟ್ಟರೆ ತಲೆಯ ಕಡೆ 30 ಡಿಗ್ರಿಗಿಂತ ಏರಿಸಬೇಡಿ. ಏರಿಸುವಾಗ ಮೊದಲು ಮೊಣಕಾಲ ಕಡೆ ಸ್ವಲ್ಪ ಎತ್ತಿ, ಆಮೇಲೆ ತಲೆಯ ಕಡೆ. ಕೆಳಗೆ ಜಾರಿದವರನ್ನು ಕಂಕುಳಲ್ಲಿ ಕೈ ಹಾಕಿ ಎಳೆಯಬಾರದು. ಭುಜದಿಂದ ತೊಡೆಯವರೆಗೆ ಬರುವಂತೆ ಒಂದು ಗಟ್ಟಿ ಬಟ್ಟೆಯನ್ನು ಅಡ್ಡ ಹಾಸಿಟ್ಟಿರಿ, ಎರಡೂ ಕಡೆ ಇಬ್ಬರು ನಿಂತು ಅದನ್ನು ಸುರುಳಿ ಸುತ್ತಿ ಹಿಡಿದು ಒಟ್ಟಿಗೆ ಎತ್ತಿ ಮೇಲಕ್ಕೆ ಸರಿಸಿ. ಕಾಲು ಅಗಲಿಸಿ, ಮಂಡಿ ಬಾಗಿಸಿ ನಿಲ್ಲಿ. ಆರೈಕೆ ಮಾಡುವವರ ಬೆನ್ನೇ ಹೋದರೆ ಮನೆಯಲ್ಲಿ ಇಬ್ಬರು ರೋಗಿಗಳಾಗುತ್ತಾರೆ.

ಪ್ರತಿ ಸಲ ತಿರುಗಿಸುವಾಗ ಚರ್ಮ ನೋಡಿ: ಬೆನ್ನಿನ ಕೆಳತುದಿ, ಸೊಂಟದ ಪಕ್ಕಗಳು, ಹಿಮ್ಮಡಿ, ಹರಡು, ಮೊಣಕೈ, ತಲೆಯ ಹಿಂಭಾಗ, ಕಿವಿ. ಕೆಂಪಾಗಿದ್ದರೆ ಬೆರಳಿಂದ ಒತ್ತಿ ಬಿಡಿ. ಒತ್ತಿದ ಜಾಗ ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಓಡುತ್ತಿದೆ. ಬಣ್ಣ ಬದಲಾಗದೆ ಹಾಗೇ ಇದ್ದರೆ ಅದು ಮೊದಲ ಹಂತದ ಹುಣ್ಣೇ, ಚರ್ಮ ಒಡೆಯುವವರೆಗೆ ಕಾಯಬೇಡಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದು ಕಷ್ಟ. ಸುತ್ತಲಿಗಿಂತ ಬಿಸಿ, ಗಟ್ಟಿ ಅಥವಾ ಮೆತ್ತಗೆ ಅನ್ನಿಸುವ, ನೇರಳೆಗೆ ತಿರುಗಿದ ಜಾಗವನ್ನು ಕೈಯಿಂದ ಮುಟ್ಟಿ ಹುಡುಕಬೇಕು. ಆ ಜಾಗದ ಮೇಲೆ ಮತ್ತೆ ಮಲಗಿಸದೇ ಇರುವುದೇ ಔಷಧ. ಎಣ್ಣೆ ಹಾಕಿ ತಿಕ್ಕುವುದು ಬೇಡವೇ ಬೇಡ, ಒಳಗೆ ಆಗಲೇ ನಜ್ಜಾಗಿರುವ ಮಾಂಸಕ್ಕೆ ಅದು ಇನ್ನೊಂದು ಪೆಟ್ಟು. ರಬ್ಬರ್ ಟ್ಯೂಬಿನಂಥ ರಿಂಗಿನ ಮೇಲೆ ಕೂರಿಸುವುದೂ ತಪ್ಪು: ನಡುವಿನ ಭಾಗಕ್ಕೆ ಸುತ್ತಲಿಂದ ರಕ್ತ ಬರುವುದನ್ನೇ ಅದು ತಡೆಯುತ್ತದೆ. ಏರ್ ಬೆಡ್ ಒಳ್ಳೆಯದೇ, ಆದರೆ ಅದರ ಮೇಲೆ ಕಂಬಳಿ, ರಬ್ಬರ್ ಶೀಟ್, ಮಡಚಿದ ಬಟ್ಟೆ ಅಂತ ಪೇರಿಸಿದರೆ ಅದು ಇದ್ದೂ ಇಲ್ಲದಂತೆ. ಏರ್ ಬೆಡ್ ಇದೆಯೆಂದು ಮಗ್ಗುಲು ಬದಲಿಸುವುದನ್ನು ಬಿಡುವಂತೆಯೂ ಇಲ್ಲ.

ಇನ್ನು ಊಟ. ಹುಣ್ಣು ನಿಧಾನಕ್ಕೆ ಕೊಲ್ಲುತ್ತದೆ, ಶ್ವಾಸನಾಳಕ್ಕೆ ಇಳಿದ ಆಹಾರ ಬೇಗ. ಮಲಗಿದಲ್ಲೇ ಒಂದು ಗುಟುಕು ನೀರೂ ಬೇಡ. ಸಾಧ್ಯವಾದಷ್ಟು ನೆಟ್ಟಗೆ ಕೂರಿಸಿ, ಬಲಗಡೆ ವಾಲದಂತೆ ದಿಂಬು ಕೊಡಿ, ಗಲ್ಲ ಸ್ವಲ್ಪ ತಗ್ಗಿರಲಿ. ನೀವೂ ಕೂತೇ ತಿನ್ನಿಸಿ. ನಿಂತು ತಿನ್ನಿಸಿದರೆ ಅವರು ನಿಮ್ಮನ್ನು ನೋಡಲು ತಲೆ ಎತ್ತುತ್ತಾರೆ, ಆಗಲೇ ಆಹಾರ ತಪ್ಪು ದಾರಿ ಹಿಡಿಯುವುದು. ಟೀ ಚಮಚದಲ್ಲಿ ಅರ್ಧದಷ್ಟು ತೆಗೆದುಕೊಂಡು ಬಾಯಿಯ ಎಡಭಾಗಕ್ಕೆ ಇಡಿ. ಗಂಟಲಿನ ಗಂಟು ಮೇಲೆದ್ದು ಇಳಿಯುವುದನ್ನು ನೋಡಿಯೇ ಮುಂದಿನ ತುತ್ತು. ನಡುನಡುವೆ ಬಲಗೆನ್ನೆಯ ಒಳಗೆ ನೋಡಿ, ಅಲ್ಲಿ ಆಹಾರ ಉಳಿದಿದ್ದರೂ ಅವರಿಗೆ ತಿಳಿಯುವುದಿಲ್ಲ. ಕೆಮ್ಮು, ಕಣ್ಣಲ್ಲಿ ನೀರು, ನೀರು ತುಂಬಿದಂತೆ ಗೊರಗೊರ ದನಿ ಕಂಡರೆ ಅಲ್ಲಿಗೇ ನಿಲ್ಲಿಸಿ. ಕೆಲವರಿಗೆ ಶ್ವಾಸನಾಳಕ್ಕೆ ಹೋದರೂ ಕೆಮ್ಮು ಬರುವುದಿಲ್ಲ, ಹಾಗಾಗಿ ಊಟದ ನಂತರ ಪದೇ ಪದೇ ಜ್ವರ ಬಂದರೆ ನುಂಗುವ ಪರೀಕ್ಷೆ ಮಾಡಿಸಿ. ಗಂಜಿಗಿಂತ ನೀರೇ ಅಪಾಯ, ತೆಳುವಾದದ್ದು ಬೇಗ ಜಾರುತ್ತದೆ. ಎಷ್ಟು ಮಂದ ಮಾಡಿ ಕೊಡಬೇಕೆಂದು ಸ್ಪೀಚ್ ಥೆರಪಿಸ್ಟ್ (ನುಂಗುವ ತೊಂದರೆಯನ್ನೂ ನೋಡುವವರು) ಹೇಳಿದ್ದರೆ ಅದನ್ನು ಮೀರಬೇಡಿ. ಊಟವಾದ ಮೇಲೆ ಕನಿಷ್ಠ 30 ನಿಮಿಷ ಕೂತೇ ಇರಲಿ.

ಬಾಯಿ ಸ್ವಚ್ಛ ಮಾಡುವುದು ಇದರದೇ ಮುಂದುವರಿಕೆ. ಬಾಯಲ್ಲಿ ಬೆಳೆದ ಬ್ಯಾಕ್ಟೀರಿಯಾ ಎಂಜಲಿನ ಜೊತೆ ಶ್ವಾಸಕೋಶಕ್ಕೆ ಇಳಿದೇ ಎಷ್ಟೋ ಸಲ ನ್ಯುಮೋನಿಯಾ ಆಗುವುದು. ದಿನಕ್ಕೆ ಎರಡು ಸಲ ಮೆತ್ತಗಿನ ಬ್ರಷ್, ಬಟಾಣಿ ಗಾತ್ರಕ್ಕಿಂತ ಹೆಚ್ಚಿಲ್ಲದ ಪೇಸ್ಟ್, ನಾಲಿಗೆಯನ್ನೂ ಸೇರಿಸಿ. ತಲೆ ಪಕ್ಕಕ್ಕೆ ತಿರುಗಿರಲಿ, ಕೆಳಗೆ ಟವೆಲ್ ಇರಲಿ. ಹಲ್ಲುಗಳ ನಡುವೆ ಬೆರಳು ಇಡಬೇಡಿ, ಬೇಕೆಂದೇ ಅಲ್ಲದಿದ್ದರೂ ಕಚ್ಚುತ್ತಾರೆ. ಹಲ್ಲಿನ ಸೆಟ್ ಇದ್ದರೆ ರಾತ್ರಿ ತೆಗೆದು ತಣ್ಣೀರಲ್ಲಿಡಿ, ಬಿಸಿನೀರಿಗೆ ಅದರ ಆಕಾರ ಕೆಡುತ್ತದೆ.

ಸ್ನಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀರಿಗೆ ನಿಮ್ಮ ಮೊಣಕೈ ಅದ್ದಿದರೆ ಹಿತವಾದ ಬಿಸಿ ಇರಲಿ, ಅಂದರೆ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅವರ ಬಲಗೈಯಲ್ಲಿ ಪರೀಕ್ಷಿಸಬೇಡಿ, ಸುಟ್ಟರೂ ತಿಳಿಯದು. ಕಣ್ಣು ಮೊದಲು, ಸೋಪಿಲ್ಲದೆ, ಮೂಗಿನ ಕಡೆಯಿಂದ ಹೊರಕ್ಕೆ, ಒಂದೊಂದು ಕಣ್ಣಿಗೆ ಬಟ್ಟೆಯ ಬೇರೆ ಬೇರೆ ಮೂಲೆ. ಆಮೇಲೆ ಮುಖ, ಕೈ, ಎದೆ, ಹೊಟ್ಟೆ, ಕಾಲು, ಬೆನ್ನು. ನೀರು ಬದಲಿಸಿ ಕೊನೆಗೆ ಗುಪ್ತಾಂಗ, ಮುಂದಿನಿಂದ ಹಿಂದಕ್ಕೆ ಮಾತ್ರ. ಒರೆಸುತ್ತಿರುವ ಭಾಗ ಬಿಟ್ಟು ಮಿಕ್ಕ ಮೈ ಮುಚ್ಚಿರಲಿ, ಚಳಿಗೂ ಮಾನಕ್ಕೂ. ಸ್ತನಗಳ ಕೆಳಗೆ, ತೊಡೆಸಂದು, ಕಾಲ್ಬೆರಳ ಸಂದುಗಳನ್ನು ಒತ್ತಿ ಒತ್ತಿ ಒಣಗಿಸಿ. ಒದ್ದೆ ಉಳಿದರೆ ಅಲ್ಲಿ ಫಂಗಸ್, ಪೌಡರ್ ಸುರಿದರೆ ಅದು ಹೆಪ್ಪುಗಟ್ಟಿ ಚರ್ಮ ಕೆರೆಯುತ್ತದೆ. ಬಟ್ಟೆ ಹಾಕುವಾಗ ಸ್ವಾಧೀನವಿಲ್ಲದ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ.

ಯೂರಿನ್ ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಮಗ್ಗುಲು ಬದಲಿಸುವಾಗ ಅದನ್ನು ಹೊಟ್ಟೆಯ ಮೇಲೆ ಇಟ್ಟುಕೊಳ್ಳುವ ಅಭ್ಯಾಸ ಎಲ್ಲ ಕಡೆ ಇದೆ, ಆಗ ಹಳೇ ಮೂತ್ರ ವಾಪಸ್ ಒಳಗೆ ಹರಿದು ಸೋಂಕಾಗುತ್ತದೆ. ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಿ, ಮೊದಲೂ ಆಮೇಲೂ ಕೈ ತೊಳೆಯಿರಿ. ದಿನಕ್ಕೊಮ್ಮೆ ಸೋಪುನೀರಿನಿಂದ ಕೊಳವೆಯನ್ನು ದೇಹದ ಕಡೆಯಿಂದ ಹೊರಕ್ಕೆ ಒರೆಸಿ. ಬ್ಯಾಗಿಗೆ ಮೂತ್ರ ಬರುವುದು ನಿಂತರೆ ಮೊದಲು ಕೊಳವೆ ತೊಡೆಯಡಿ ಸಿಕ್ಕಿದೆಯೋ, ಮಡಚಿದೆಯೋ ನೋಡಿ. ಅದೆಲ್ಲ ಸರಿಯಿದ್ದೂ ಹೊಟ್ಟೆಯ ಕೆಳಭಾಗ ಉಬ್ಬಿದ್ದರೆ ತಕ್ಷಣ ನರ್ಸ್ ಅಥವಾ ಡಾಕ್ಟರನ್ನು ಕರೆಯಿರಿ. ಎಳೆದು ತೆಗೆಯಲು ಹೋಗಬೇಡಿ, ಒಳಗೆ ನೀರು ತುಂಬಿದ ಬಲೂನು ಇರುತ್ತದೆ.

ಮಲದ ವಿಷಯದಲ್ಲಿ ಒಂದು ಮೋಸವಿದೆ. ಮೂರು ನಾಲ್ಕು ದಿನ ಹೋಗದೆ ಆಮೇಲೆ ನೀರುನೀರಾಗಿ ಸೋರತೊಡಗಿದರೆ ಭೇದಿ ಎಂದು ಮಾತ್ರೆ ಕೊಡಬೇಡಿ. ಗಟ್ಟಿ ಮಲ ಕಟ್ಟಿಕೊಂಡು ಅದರ ಪಕ್ಕದಿಂದ ನೀರು ಜಿನುಗುತ್ತಿರಬಹುದು, ಭೇದಿ ನಿಲ್ಲಿಸುವ ಮಾತ್ರೆ ಅದನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಬೆಡ್‌ಪ್ಯಾನಿನ ಮೇಲೆ 10 ನಿಮಿಷಕ್ಕಿಂತ ಹೆಚ್ಚು ಬಿಡಬೇಡಿ, ತೆಗೆಯುವಾಗ ಮಗ್ಗುಲಿಗೆ ಹೊರಳಿಸಿ ತೆಗೆಯಿರಿ, ಜಗ್ಗಿದರೆ ಚರ್ಮ ಕಿತ್ತು ಬರುತ್ತದೆ. ಡಯಾಪರ್ ಒದ್ದೆಯಾದ ಕೂಡಲೇ ಬದಲಿಸಿ.

ಒಂದು ಮೀನಖಂಡ ಮಾತ್ರ ಊದಿ ಬಿಸಿಯಾದರೆ ನೀವಬೇಡಿ, ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಡಾಕ್ಟರಿಗೆ ತೋರಿಸಿ. ಇದ್ದಕ್ಕಿದ್ದಂತೆ ಉಸಿರಾಟ ಜೋರಾದರೆ, ಮಾತು ಅಥವಾ ಪ್ರಜ್ಞೆ ನಿನ್ನೆಗಿಂತ ಮಂಕಾದರೆ ಸ್ವಲ್ಪವೂ ಕಾಯದೆ ಆಗಲೇ ಆ್ಯಂಬುಲೆನ್ಸ್ ಕರೆಸಿ.