ಬಲ ಇಳಿದರೂ ಜವ ಏರುವುದೇಕೆ?

ಪ್ರಶ್ನೆ: ನಯವಾದ ನೆಲದ ಮೇಲೆ 2 ಕಿಲೋಗ್ರಾಂ ರಾಶಿಯ ಗಾಡಿ ನಿಂತಿದೆ. ಅದರ ಮೇಲಿನ ನಿವ್ವಳ ಬಲ ಮೊದಲಿಗೆ 10 ನ್ಯೂಟನ್. ಅಲ್ಲಿಂದ ಸೆಕೆಂಡಿಗೆ 2 ನ್ಯೂಟನ್‌ನಂತೆ ಇಳಿಯುತ್ತ ಹೋಗುತ್ತದೆ. ‘ಗಾಡಿ ನಿಧಾನವಾಗುತ್ತದೆ’ ಎಂದು ಬರೆದೆ, ತಪ್ಪೆಂದರು. ಬಲ ಕಡಿಮೆಯಾಗುತ್ತಿರುವಾಗ ಜವ ಹೆಚ್ಚುವುದು ಹೇಗೆ?
– ಪ್ರಥಮ ಪಿಯು ವಿದ್ಯಾರ್ಥಿನಿ, ಶಿರಸಿ

ಉತ್ತರ: ಬಲದ ಜೊತೆಗೆ ಆ ಕ್ಷಣವೇ ಇಳಿಯುವುದು ವೇಗೋತ್ಕರ್ಷ. ಜವದ ಲೆಕ್ಕವೇ ಬೇರೆ, ಅದು ಅಲ್ಲಿಯವರೆಗೆ ಸೇರಿದ್ದೆಲ್ಲದರ ಮೊತ್ತ. ಮಳೆಗಾಲದಲ್ಲಿ ಕೆಆರ್‌ಎಸ್ ಒಳಹರಿವು ಇಳಿದಿದೆ ಎಂಬ ಸುದ್ದಿ ಬಂದ ದಿನವೂ ನೀರಿನ ಮಟ್ಟ ಏರಿರುತ್ತದಲ್ಲ? ಒಳಹರಿವು ಹೊರಹರಿವಿಗಿಂತ ಹೆಚ್ಚಿರುವ ತನಕ ಮಟ್ಟ ಏರಲೇಬೇಕು.

ಈಗ ಅಂಕಿಗಳನ್ನು ನೋಡಿ. ಬಲವನ್ನು ರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ ಆರಂಭದಲ್ಲಿ 5 ಮೀ/ಸೆ², ಒಂದೊಂದು ಸೆಕೆಂಡಿಗೆ 4, 3, 2, 1 ಎಂದು ಇಳಿದು ಐದನೆಯದಕ್ಕೆ ಸೊನ್ನೆ. ಮೊದಲ ಸೆಕೆಂಡಿನ ಸರಾಸರಿ 4.5, ಹಾಗಾಗಿ ಆ ಸೆಕೆಂಡಿನ ಕೊನೆಗೆ ವೇಗ 4.5 ಮೀ/ಸೆ. ಎರಡನೆಯದರಲ್ಲಿ ಸೇರುವುದು 3.5, ಒಟ್ಟು 8. ಹೀಗೇ ಮುಂದಕ್ಕೆ 10.5, 12, 12.5. ಪ್ರತಿ ಸಲ ಸೇರುವ ಪಾಲು ಕಿರಿದಾಗುತ್ತಿದೆ, ಆದರೂ ಸೇರುತ್ತಲೇ ಇದೆ. ಬಲ ಸೊನ್ನೆಯಾದ ಐದನೇ ಸೆಕೆಂಡಿನಲ್ಲೇ ವೇಗ ಗರಿಷ್ಠ! ಬಲ ಗರಿಷ್ಠವಿದ್ದ ಆರಂಭದ ಕ್ಷಣದಲ್ಲಿ ಗಾಡಿ ಇನ್ನೂ ನಿಂತೇ ಇತ್ತು.

ಪ್ರಶ್ನೆಪತ್ರಿಕೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ, ಸ್ವಾರಸ್ಯ ಇರುವುದು ಮುಂದೆ. ಬಲ ಅದೇ ದರದಲ್ಲಿ ಇಳಿಯುತ್ತ ಹೋದರೆ ಐದು ಸೆಕೆಂಡಿನ ನಂತರ ಋಣವಾಗುತ್ತದೆ, ಅಂದರೆ ಗಾಡಿಯನ್ನು ಹಿಂದಕ್ಕೆ ತಳ್ಳುತ್ತದೆ. ನಿಧಾನವಾಗುವುದು ಆಗಲೇ ಶುರು: ಆರನೇ ಸೆಕೆಂಡಿಗೆ 12 ಮೀ/ಸೆ, ಹತ್ತನೆಯದಕ್ಕೆ ಸೊನ್ನೆ. ಹಾಗೆ ನಿಂತ ಕ್ಷಣದಲ್ಲಿ ಗಾಡಿಯ ಮೇಲೆ ಹಿಮ್ಮುಖವಾಗಿ ಪೂರ್ತಿ 10 ನ್ಯೂಟನ್ ಬಲವಿದೆ. ವೇಗ ಸೊನ್ನೆಯಾದರೆ ಬಲವೂ ಸೊನ್ನೆ ಎಂದು ಬರೆಯುವವರು ಎಡವುವುದು ಇಲ್ಲೇ. ಗಾಡಿ ಅಲ್ಲಿ ನಿಂತುಬಿಡುವುದಿಲ್ಲ, ಹಿಂದಕ್ಕೆ ಹೊರಡುತ್ತದೆ.

ಇನ್ನೊಂದು ಎಚ್ಚರಿಕೆ. ನಾಲ್ಕನೇ ಸೆಕೆಂಡಿನ ವೇಗೋತ್ಕರ್ಷ 1 ಮೀ/ಸೆ² ಎಂದುಕೊಂಡು ಅದನ್ನು 4ರಿಂದ ಗುಣಿಸಿದರೆ 4 ಮೀ/ಸೆ ಬರುತ್ತದೆ, ಸರಿಯುತ್ತರ 12. v = u + at ಸೂತ್ರ ವೇಗೋತ್ಕರ್ಷ ಬದಲಾಗದಿದ್ದಾಗ ಮಾತ್ರ ನಡೆಯುತ್ತದೆ. ಬದಲಾಗುತ್ತಿದ್ದರೆ ಬಲ–ಕಾಲ ನಕ್ಷೆ ಬರೆದು, ಗೆರೆಯ ಕೆಳಗಿನ ವಿಸ್ತೀರ್ಣವನ್ನು ರಾಶಿಯಿಂದ ಭಾಗಿಸಿ. ಸಿಗುವುದು ವೇಗದಲ್ಲಾದ ಬದಲಾವಣೆ. ಕಾಲದ ಅಕ್ಷದ ಕೆಳಗಿನ ವಿಸ್ತೀರ್ಣವನ್ನು ಕಳೆಯಲು ಮರೆಯಬೇಡಿ.

ಪ್ರಶ್ನೆ: ಎರಡು ಕಿಲೋಮೀಟರ್ ಎತ್ತರದಿಂದ ಬೀಳುವ ಮಳೆಹನಿ ತಲೆಗೆ ಪೆಟ್ಟು ಮಾಡುವುದಿಲ್ಲವೇಕೆ?
– ಓದುಗರು, ತೀರ್ಥಹಳ್ಳಿ

ಉತ್ತರ: ಗಾಳಿ ಇಲ್ಲದಿದ್ದರೆ ಖಂಡಿತ ಮಾಡುತ್ತಿತ್ತು: ಅಷ್ಟು ಎತ್ತರದಿಂದ ಬಿದ್ದ ಹನಿಯ ಜವ ಸುಮಾರು 200 ಮೀ/ಸೆ ಆಗಿರುತ್ತಿತ್ತು. ನಿಜದಲ್ಲಿ 2 ಮಿಲಿಮೀಟರ್ ವ್ಯಾಸದ ಹನಿ ನೆಲ ಮುಟ್ಟುವುದು ಸುಮಾರು 6.5 ಮೀ/ಸೆ ಜವದಲ್ಲಿ.

ಗಾಳಿಯ ತಡೆ ಸರಿಸುಮಾರು ಜವದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹನಿ ತನ್ನ ಅಂತಿಮ ಜವದ ಅರ್ಧಕ್ಕೆ ಬಂದಾಗ ತಡೆ ತೂಕದ ಕಾಲುಭಾಗ, ವೇಗೋತ್ಕರ್ಷ 9.8ರಿಂದ 7.35ಕ್ಕೆ ಇಳಿದಿರುತ್ತದೆ. ಅಂತಿಮ ಜವದ ಶೇ 90 ತಲುಪಿದಾಗ ತಡೆ ತೂಕದ ಶೇ 81, ವೇಗೋತ್ಕರ್ಷ 1.9 ಮಾತ್ರ. ತಡೆ ತೂಕಕ್ಕೆ ಸಮನಾದರೆ ನಿವ್ವಳ ಬಲ ಸೊನ್ನೆ. ಹನಿ ನಿಲ್ಲುವುದಿಲ್ಲ, ಅದೇ ಜವದಲ್ಲಿ ಇಳಿಯುತ್ತದೆ. ಈ ಹಂತ ಮುಟ್ಟಲು ಹತ್ತು ಮೀಟರ್ ಆಸುಪಾಸಿನ ಪತನ ಸಾಕು. ಮೋಡ ಎರಡು ಕಿಲೋಮೀಟರ್ ಮೇಲಿದ್ದರೇನು, ಒಂದಿದ್ದರೇನು, ನೆಲದಲ್ಲಿ ವ್ಯತ್ಯಾಸ ಕಾಣದು. ವ್ಯತ್ಯಾಸ ಮಾಡುವುದು ಹನಿಯ ಗಾತ್ರ: 5 ಮಿಲಿಮೀಟರ್ ಹನಿ ಸುಮಾರು 9 ಮೀ/ಸೆ ಜವದಲ್ಲಿ ಬೀಳುತ್ತದೆ.

ಪ್ರಶ್ನೆ: ವಿಡಿಯೊಗಳಲ್ಲಿ ಪ್ಯಾರಾಚೂಟ್ ಬಿಚ್ಚಿದ ಕೂಡಲೇ ಜಿಗಿದವರು ಮೇಲಕ್ಕೆ ಹಾರುತ್ತಾರೆ. ನಿಜವೇ?
– ಓದುಗರು, ಕಲಬುರಗಿ

ಉತ್ತರ: ಅಲ್ಲ. ಚಿತ್ರೀಕರಿಸುತ್ತಿರುವವರು ಇನ್ನೂ 55 ಮೀ/ಸೆ ಜವದಲ್ಲಿ ಬೀಳುತ್ತಿರುತ್ತಾರೆ, ಹಾಗಾಗಿ ನಿಧಾನವಾದವರು ಮೇಲೆ ಹೋದಂತೆ ಕಾಣುತ್ತಾರೆ. ಕೊಡೆ ಅರಳಿದಾಗ ತಡೆ ತೂಕವನ್ನು ಮೀರುವುದರಿಂದ ನಿವ್ವಳ ಬಲ ಮೇಲ್ಮುಖ. ಚಲನೆ ಮಾತ್ರ ಕೆಳಮುಖವೇ. ಜವ ಸುಮಾರು 5 ಮೀ/ಸೆಗೆ ಇಳಿಯುವ ಹೊತ್ತಿಗೆ ತಡೆಯೂ ಕುಗ್ಗಿ ಮತ್ತೆ ತೂಕಕ್ಕೆ ಸಮನಾಗುತ್ತದೆ.

ಕೊಡೆ ಎಷ್ಟು ಹೊತ್ತಿನಲ್ಲಿ ಅರಳುತ್ತದೆ ಎನ್ನುವುದು ಇಲ್ಲಿ ಮುಖ್ಯ. 80 ಕಿಲೋಗ್ರಾಂ ವ್ಯಕ್ತಿಯ ಜವ 55ರಿಂದ 5ಕ್ಕೆ ಇಳಿಯಲು 3 ಸೆಕೆಂಡ್ ಹಿಡಿದರೆ ಪಟ್ಟಿಗಳು ಸರಾಸರಿ ಸುಮಾರು 2,100 ನ್ಯೂಟನ್ ಬಲದಿಂದ ಎಳೆಯುತ್ತವೆ. ಅರ್ಧ ಸೆಕೆಂಡಿನಲ್ಲೇ ಇಳಿದರೆ ಸುಮಾರು 8,800 ನ್ಯೂಟನ್, ಅಂದರೆ ತೂಕದ ಹನ್ನೊಂದು ಪಟ್ಟು. ಕೊಡೆಯ ದಾರಗಳ ಮೇಲೆ ಮೆಲ್ಲಗೆ ಜಾರಿ ಕೆಳಗಿಳಿಯುವ ಸ್ಲೈಡರ್ ಎಂಬ ಚೌಕಾಕಾರದ ಬಟ್ಟೆಯನ್ನು ಅಳವಡಿಸುವುದು ಕೊಡೆ ಅರಳುವುದನ್ನು ತಡಮಾಡಿಸಲೆಂದೇ.