ಟೆಕ್ಸಸ್ ಕಾಲೇಜಿನ ಹಿಸ್ಟರಿ, ಗವರ್ನಮೆಂಟ್: ಕ್ಲಾಸಿಗೆ ಕೂರೋದೋ, ಕ್ಲೆಪ್ ಬರೆಯೋದೋ?

ನಿಮ್ಮ ಪ್ರಶ್ನೆ ಓದಿದ ಕೂಡಲೇ ಉತ್ತರ ಬರೀಲೇಬೇಕು ಅನ್ನಿಸ್ತು. ಮೈಸೂರಲ್ಲಿ ಬಿ.ಕಾಂ. ಮುಗಿಸಿ ಬಂದಿದ್ದೀರಿ. ಈಗ ಡಲ್ಲಾಸ್ ಕಡೆಯ ಕಮ್ಯುನಿಟಿ ಕಾಲೇಜಿಗೆ ಸೇರಿ, ಮುಂದೆ ಯೂನಿವರ್ಸಿಟಿಯಲ್ಲಿ ಅಕೌಂಟಿಂಗ್ ಡಿಗ್ರಿ ಮಾಡೋ ಆಸೆ ನಿಮ್ಮದು. ಊರಿನ ಮಾರ್ಕ್ಸ್ ಕಾರ್ಡಿಗೆ ಒಂದಷ್ಟು ಕ್ರೆಡಿಟ್ ಕೊಟ್ಟರು, ಅಮೆರಿಕದ ಹಿಸ್ಟರಿ ಮತ್ತು ಗವರ್ನಮೆಂಟ್ ಮಾತ್ರ ಇಲ್ಲೇ ಮಾಡಬೇಕು ಅಂದರು. ಕ್ಲಾಸಿಗೆ ಕೂರಬೇಕೋ, ಕ್ಲೆಪ್ (ಕ್ಲಾಸಿಗೆ ಕೂರದೆ, ಪಾಸಾದರೆ ಕಾಲೇಜಿನ ಕ್ರೆಡಿಟ್ ಸಿಗೋ ಪರೀಕ್ಷೆ) ಬರೆದು ಮುಗಿಸಬಹುದೋ, ಬರೆಯೋದಾದರೆ ಯಾವುದು ಮೊದಲು ಅಂತ ಕೇಳಿದ್ದೀರಿ. ನಾನು ಅರಸೀಕೆರೆಯವಳು, ನಾಲ್ಕು ವರ್ಷದ ಹಿಂದೆ ಇದೇ ದಾರಿಯಲ್ಲಿ ಬಂದೆ. ಮೂರು ಪರೀಕ್ಷೆ ಬರೆದೆ, ಒಂದರಲ್ಲಿ ಫೇಲಾಗಿ ಮತ್ತೆ ಕಟ್ಟಿದೆ. ಆದ್ದರಿಂದ ಸ್ವಲ್ಪ ಉದ್ದವಾಗೇ ಬರೀತೀನಿ.

ಮೊದಲು ಲೆಕ್ಕ ತಿಳ್ಕೊಳ್ಳಿ. ಟೆಕ್ಸಸ್‌ನ ಸರ್ಕಾರಿ ಕಾಲೇಜು, ಯೂನಿವರ್ಸಿಟಿಗಳಲ್ಲಿ ಬ್ಯಾಚುಲರ್ ಡಿಗ್ರಿ ಬೇಕು ಅಂದ್ರೆ ಅಮೆರಿಕದ ಇತಿಹಾಸ 6 ಕ್ರೆಡಿಟ್, ಸರ್ಕಾರ ಮತ್ತು ಸಂವಿಧಾನ 6 ಕ್ರೆಡಿಟ್ ಆಗಿರಲೇಬೇಕು. ಇದು ರಾಜ್ಯದ ಕಾನೂನು, ಕಾಲೇಜಿನವರು ತಾವಾಗಿ ಹಾಕಿದ್ದಲ್ಲ. ಸಾಮಾನ್ಯವಾಗಿ ಇದು ನಾಲ್ಕು ಕೋರ್ಸಾಗುತ್ತೆ: ಹಿಸ್ಟರಿ 1301 ಮತ್ತು 1302, ಗವರ್ನಮೆಂಟ್ 2305 ಮತ್ತು 2306. ಕ್ಲೆಪ್‌ನಲ್ಲಿ ಇವುಗಳಲ್ಲಿ ಮೂರಕ್ಕೆ ಸರಿಹೊಂದುವ ಪರೀಕ್ಷೆ ಇದೆ. ಅಮೆರಿಕದ ಇತಿಹಾಸ ಒಂದು 1877ರವರೆಗೆ, ಇತಿಹಾಸ ಎರಡು 1865ರಿಂದ ಇಲ್ಲಿವರೆಗೆ, ಜೊತೆಗೆ ಅಮೆರಿಕನ್ ಗವರ್ನಮೆಂಟ್. 2306 ಅನ್ನೋದು ಟೆಕ್ಸಸ್ ರಾಜ್ಯದ ಸರ್ಕಾರದ ಬಗ್ಗೆ, ಅದಕ್ಕೆ ಕ್ಲೆಪ್ ಇಲ್ಲ. ಅದೊಂದನ್ನು ಕ್ಲಾಸಾಗಿ ತಗೊಳ್ಳೋಕೆ ಈಗಲೇ ಮನಸ್ಸು ಮಾಡಿಬಿಡಿ.

ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಪರೀಕ್ಷೆ ಬಗ್ಗೆಯೂ ಕೇಳಿದ್ದೀರಿ. ಅದು ಹೈಸ್ಕೂಲ್ ಮಕ್ಕಳ ದಾರಿ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ನಡೆಯುತ್ತೆ, ಪ್ರಬಂಧ ಬರೀಬೇಕು, ಅಂಕ 1ರಿಂದ 5. ನಿಮ್ಮ ಮಗಳು ಹೈಸ್ಕೂಲಿಗೆ ಬಂದಾಗ ಆ ಮಾತು. ಕ್ಲೆಪ್ ವರ್ಷವಿಡೀ ಇರುತ್ತೆ, ಈ ಮೂರರಲ್ಲೂ ಕೊಟ್ಟಿರೋ ಉತ್ತರಗಳಲ್ಲಿ ಸರಿಯಾದದ್ದನ್ನು ಆರಿಸೋ ಪ್ರಶ್ನೆಗಳೇ, 90 ನಿಮಿಷ, ಅಲ್ಲೇ ಸ್ಕೋರ್ ಕಾಣುತ್ತೆ. ಎರಡನ್ನೂ ನಡೆಸೋದು ಕಾಲೇಜ್ ಬೋರ್ಡ್ ಅನ್ನೋ ಒಂದೇ ಸಂಸ್ಥೆ.

ಆಯ್ಕೆಯಲ್ಲಿ ಎಡವೋದು ಎಲ್ಲಿ ಅಂದ್ರೆ, ಹೆಸರುಗಳು ಒಂದೇ ಥರ ಇರೋ ಕಡೆ. ವೆಸ್ಟರ್ನ್ ಸಿವಿಲೈಸೇಶನ್ ಅಂತ ಎರಡು ಪರೀಕ್ಷೆ ಇವೆ, ಸೋಶಿಯಲ್ ಸೈನ್ಸಸ್ ಅಂಡ್ ಹಿಸ್ಟರಿ ಅಂತ ಇನ್ನೊಂದಿದೆ. ನನ್ನ ಪರಿಚಯದವರೊಬ್ಬರು ಆ ಕೊನೇದನ್ನ ಬರೆದು ಪಾಸಾದರು. ಹಿಸ್ಟರಿ ಮುಗೀತು ಅಂದ್ಕೊಂಡು ಹೋದ್ರೆ, ಅದು ಎಲೆಕ್ಟಿವ್ (ಐಚ್ಛಿಕ ವಿಷಯ) ಲೆಕ್ಕಕ್ಕೆ ಬಂತು, 1301 ಹಾಗೇ ಉಳೀತು. ಹಾಗಾಗಿ ದುಡ್ಡು ಕಟ್ಟೋ ಮೊದಲು ನಿಮ್ಮ ಕಾಲೇಜಿನ ಕ್ಲೆಪ್ ಪಟ್ಟಿ ಹುಡುಕಿ ಪ್ರಿಂಟ್ ತಗೊಳ್ಳಿ. ಅದರಲ್ಲಿ ಯಾವ ಪರೀಕ್ಷೆಗೆ ಯಾವ ಕೋರ್ಸ್ ನಂಬರ್, ಎಷ್ಟು ಸ್ಕೋರ್ ಬೇಕು ಅಂತ ಇರುತ್ತೆ. ಮುಂದೆ ಸೇರೋ ಯೂನಿವರ್ಸಿಟಿಯ ಪಟ್ಟಿಯನ್ನೂ ಪಕ್ಕದಲ್ಲಿಟ್ಟು ನೋಡಿ, ಏಕೆಂದರೆ ಅವರು ನಿಮ್ಮ ಕ್ರೆಡಿಟ್‌ಗಳನ್ನು ಮತ್ತೆ ತಮ್ಮ ನಿಯಮದಲ್ಲೇ ಅಳೀತಾರೆ. ಅಡ್ವೈಸರ್ ಬಾಯಲ್ಲಿ ಹೇಳಿದ್ದನ್ನು ಇಮೇಲ್‌ನಲ್ಲಿ ಬರೆಸ್ಕೊಳ್ಳಿ. ಪರೀಕ್ಷೆಯಿಂದ ಬಂದ ಕ್ರೆಡಿಟ್‌ಗೆ ಸಾಮಾನ್ಯವಾಗಿ ಗ್ರೇಡ್ ಇರಲ್ಲ, ಜಿಪಿಎ (ಗ್ರೇಡ್‌ಗಳ ಸರಾಸರಿ) ಏರೋದೂ ಇಲ್ಲ ಇಳಿಯೋದೂ ಇಲ್ಲ. ಜಿಪಿಎ ಏರಿಸಿಕೊಳ್ಳಬೇಕು ಅನ್ನೋರಿಗೆ ಕ್ಲಾಸೇ ವಾಸಿ.

ಯಾವುದು ಮೊದಲು? ಗವರ್ನಮೆಂಟ್. ಸಂವಿಧಾನ ಒಂದು ಸಲ ತಲೆಗೆ ಹೋದರೆ ಇತಿಹಾಸದ ಅರ್ಧ ಜಗಳಗಳು ತಾವಾಗೇ ಅರ್ಥ ಆಗ್ತವೆ. ರಾಜ್ಯಗಳಿಗೆ ಎಷ್ಟು ಅಧಿಕಾರ, ಕೇಂದ್ರಕ್ಕೆ ಎಷ್ಟು ಅನ್ನೋ ಒಂದೇ ಪ್ರಶ್ನೆ ಸಂವಿಧಾನ ಬರೆದ 1787ರಿಂದ ಅಂತರ್ಯುದ್ಧದವರೆಗೂ ಎಳ್ಕೊಂಡು ಬಂದಿದೆ.

ನಮ್ಮಂಥವರಿಗೆ ಗವರ್ನಮೆಂಟ್ ಪೇಪರ್‌ನಲ್ಲಿ ಕಷ್ಟ ಆಗೋದು ಊರಲ್ಲಿ ಕಲಿತ ಪೌರನೀತಿಯಿಂದ. ಇಂಗ್ಲಿಷ್‌ನಿಂದ ನನಗೆ ಅಷ್ಟು ತೊಂದರೆ ಆಗಲಿಲ್ಲ. ಅಧ್ಯಕ್ಷರ ಪಕ್ಷ ಹೌಸ್‌ನಲ್ಲಿ (ಕಾಂಗ್ರೆಸ್, ಅಂದ್ರೆ ಇಲ್ಲಿನ ಸಂಸತ್ತಿನ ಕೆಳಮನೆಯಲ್ಲಿ) ಬಹುಮತ ಕಳ್ಕೊಂಡ್ರೆ ಏನಾಗುತ್ತೆ ಅಂತ ಕೇಳಿದ್ರೆ ನಮ್ಮ ಕೈ ತಾನಾಗಿ ‘ಸರ್ಕಾರ ಬೀಳುತ್ತೆ’ ಅನ್ನೋ ಉತ್ತರದ ಕಡೆ ಹೋಗುತ್ತೆ. ಇಲ್ಲಿ ಏನೂ ಬೀಳಲ್ಲ, ಅಧ್ಯಕ್ಷರು ನಾಲ್ಕು ವರ್ಷ ಇದ್ದೇ ಇರ್ತಾರೆ. ಮಂತ್ರಿಗಳು ಕಾಂಗ್ರೆಸ್ ಸದಸ್ಯರಾಗಿರೋ ಹಾಗೇ ಇಲ್ಲ. ನಮ್ಮಲ್ಲಿ ಪಟ್ಟಿಗಳಲ್ಲಿ ಇಲ್ಲದ ವಿಷಯ ಕೇಂದ್ರಕ್ಕೆ ಸೇರುತ್ತೆ, ಇಲ್ಲಿ ಸಂವಿಧಾನದ ಹತ್ತನೇ ತಿದ್ದುಪಡಿಯ ಪ್ರಕಾರ ಕೇಂದ್ರಕ್ಕೆ ಕೊಡದೆ ಉಳಿದದ್ದು ರಾಜ್ಯಗಳಿಗೆ ಅಥವಾ ಜನರಿಗೆ. ನಮ್ಮ ರಾಜ್ಯಪಾಲರನ್ನು ದಿಲ್ಲಿಯಿಂದ ನೇಮಿಸ್ತಾರೆ, ಇಲ್ಲಿನ ಗವರ್ನರ್ ಓಟಿನಲ್ಲಿ ಗೆದ್ದು ಬರ್ತಾರೆ. ಸುಪ್ರೀಂ ಕೋರ್ಟ್ ಜಡ್ಜ್‌ಗೆ ಊರಲ್ಲಿ 65ಕ್ಕೆ ನಿವೃತ್ತಿ, ಇಲ್ಲಿ ನಿವೃತ್ತಿ ವಯಸ್ಸೇ ಇಲ್ಲ. ನಾನು ಒಂದು ನೋಟ್‌ಬುಕ್ಕಿನ ಹಾಳೆ ನಡುವೆ ಗೆರೆ ಎಳೆದು, ಎಡಕ್ಕೆ ಅಲ್ಲಿದ್ದು, ಬಲಕ್ಕೆ ಇಲ್ಲಿದ್ದು ಬರೀತಾ ಹೋದೆ. ಎಷ್ಟು ಓದಿದರೂ ತಪ್ಪಾಗ್ತಿದ್ದ ಪ್ರಶ್ನೆಗಳು ಆ ಎರಡು ಹಾಳೆಯಿಂದ ಸರಿಹೋದವು.

ಆ ಪೇಪರ್‌ನಲ್ಲಿ ಸುಮಾರು 100 ಪ್ರಶ್ನೆ. ಮೂರನೇ ಒಂದು ಭಾಗದಷ್ಟು ಕಾಂಗ್ರೆಸ್, ಅಧ್ಯಕ್ಷರು, ಅಧಿಕಾರಶಾಹಿಯ ಬಗ್ಗೆ. ಉಳಿದದ್ದು ಕೋರ್ಟು ಮತ್ತು ಹಕ್ಕುಗಳು, ಪಕ್ಷಗಳು, ಜನರ ರಾಜಕೀಯ ನಡವಳಿಕೆ, ಸಂವಿಧಾನದ ಬುನಾದಿ ಅಂತ ಹಂಚಿಹೋಗುತ್ತೆ. ಒಂದು ವಿಷಯವನ್ನು ಮಾತ್ರ ಕೂತು ಅರ್ಥ ಮಾಡ್ಕೊಳ್ಳಿ: ಮೊದಲ ಹತ್ತು ತಿದ್ದುಪಡಿಗಳ ಹಕ್ಕುಗಳು ಮೊದಲಿಗೆ ಕೇಂದ್ರ ಸರ್ಕಾರಕ್ಕಷ್ಟೇ ಕಡಿವಾಣ ಹಾಕ್ತಿದ್ದವು. 1868ರ ಹದಿನಾಲ್ಕನೇ ತಿದ್ದುಪಡಿ ಬಂದಮೇಲೆ, ಸುಪ್ರೀಂ ಕೋರ್ಟ್ ಒಂದೊಂದೇ ಕೇಸಿನಲ್ಲಿ ಒಂದೊಂದೇ ಹಕ್ಕನ್ನು ರಾಜ್ಯಗಳಿಗೂ ಅನ್ವಯಿಸ್ತಾ ಬಂತು. ವಕೀಲರನ್ನಿಡೋ ಶಕ್ತಿ ಇಲ್ಲದ ಬಡ ಆರೋಪಿಗೆ ರಾಜ್ಯವೇ ವಕೀಲರನ್ನು ಕೊಡಬೇಕು ಅಂತ 1963ರ ಗಿಡಿಯನ್ ಕೇಸಿನಲ್ಲಿ ಆಗಿದ್ದು ಹೀಗೆ. ಈ ಎಳೆ ಸಿಕ್ಕಿದ್ರೆ ಕೇಸುಗಳ ಹೆಸರು ಬಾಯಿಪಾಠ ಮಾಡೋ ಕಷ್ಟ ಅರ್ಧ ಕಮ್ಮಿ ಆಗುತ್ತೆ.

ಈಗ ನಾನು ಫೇಲಾದ ಪೇಪರ್, ಇತಿಹಾಸ ಒಂದು. ನಂಗೆ ಬಂದಿದ್ದು 47, ಬೇಕಿದ್ದಿದ್ದು 50. (ಸ್ಕೋರ್ 20ರಿಂದ 80ರವರೆಗೆ ಇರುತ್ತೆ, 50 ಅಂದ್ರೆ ಶೇಕಡಾ 50 ಅಂತ ಅಲ್ಲ.) ಕಾರಣ ಸ್ಪಷ್ಟ. ವಸಾಹತುಗಳ ಕಾಲ ಓದೋಕೆ ಚೆನ್ನಾಗಿರುತ್ತೆ ಅಂತ ನಾನು ಆರು ವಾರದಲ್ಲಿ ನಾಲ್ಕು ವಾರ ಅಲ್ಲೇ ಕಳೆದುಬಿಟ್ಟೆ. ಆದರೆ ಪೇಪರ್‌ನ ಸುಮಾರು 120 ಪ್ರಶ್ನೆಗಳಲ್ಲಿ ಶೇಕಡಾ 30 ಮಾತ್ರ 1789ರವರೆಗಿನದು, 70 ಭಾಗ 1790ರಿಂದ 1877ರವರೆಗಿನದು. ಇತಿಹಾಸ ಎರಡರಲ್ಲೂ ಹಾಗೇ, 70 ಭಾಗ 1915ರ ಆಚೆಗೆ. ನಿಮ್ಮ ದಿನಗಳನ್ನೂ ಅದೇ ಅಳತೆಯಲ್ಲಿ ಹಂಚ್ಕೊಳ್ಳಿ. ಫೇಲಾದರೆ ಅದೇ ಪರೀಕ್ಷೆಯನ್ನು ಮೂರು ತಿಂಗಳು ಕಾಯದೆ ಮತ್ತೆ ಬರೆಯೋ ಹಾಗಿಲ್ಲ, ಆದ್ದರಿಂದ ಸೆಮಿಸ್ಟರ್ ಶುರುವಾಗೋ ಹಿಂದಿನ ವಾರಕ್ಕೆ ತಳ್ಳಬೇಡಿ.

ಎರಡನೇ ಸಲ ನಾನು ಇಸವಿ ಉರು ಹೊಡೆಯೋದು ಬಿಟ್ಟು ಸರಪಳಿ ಕಟ್ಟಿದೆ. 1820ರ ಮಿಸೌರಿ ಒಪ್ಪಂದ ಗುಲಾಮಗಿರಿಗೆ ಒಂದು ಗಡಿಗೆರೆ ಹಾಕ್ತು. 1846–48ರ ಮೆಕ್ಸಿಕೋ ಯುದ್ಧದಲ್ಲಿ ಹೊಸ ಭೂಮಿ ಬಂತು, ಅಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಅನ್ನೋ ಜಗಳ ಬಂತು. 1850ರಲ್ಲಿ ಇನ್ನೊಂದು ರಾಜಿ. 1854ರ ಕಾನ್ಸಾಸ್–ನೆಬ್ರಾಸ್ಕಾ ಕಾಯ್ದೆ ಹಳೇ ಗೆರೆಯನ್ನೇ ಅಳಿಸಿಹಾಕ್ತು. 1857ರಲ್ಲಿ ಹೊಸ ಪ್ರದೇಶಗಳಲ್ಲಿ ಗುಲಾಮಗಿರಿಯನ್ನು ಕಾಂಗ್ರೆಸ್ ತಡೆಯೋ ಹಾಗಿಲ್ಲ ಅಂದ ಡ್ರೆಡ್ ಸ್ಕಾಟ್ ತೀರ್ಪು, 1860ರಲ್ಲಿ ಲಿಂಕನ್ ಗೆಲುವು, 1861ರಲ್ಲಿ ಅಂತರ್ಯುದ್ಧ. ಅಡುಗೆ ಮಾಡ್ತಾ ಇದನ್ನ ಕನ್ನಡದಲ್ಲೇ ಕಥೆ ಥರ ಜೋರಾಗಿ ಹೇಳ್ಕೋತಿದ್ದೆ. ಪ್ರಶ್ನೆಗಳು ಕೇಳೋದೂ ಹೆಚ್ಚಾಗಿ ಕಾರಣ, ಪರಿಣಾಮವನ್ನೇ.

ನಮ್ಮ ನೆಲದ ನಂಟು ಇರೋ ಕಡೆ ನೆನಪು ಗಟ್ಟಿ ನಿಲ್ಲುತ್ತೆ. 1773ರಲ್ಲಿ ಬೋಸ್ಟನ್ ಬಂದರಿನ ನೀರಿಗೆ ಸುರಿದ ಚಹಾ ಈಸ್ಟ್ ಇಂಡಿಯಾ ಕಂಪನಿಯದೇ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಸೈನ್ಯ ಸಮೇತ ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನೇ ಹತ್ತು ವರ್ಷದ ನಂತರ ಬೆಂಗಳೂರು ಕೋಟೆ ಹಿಡಿದು, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸ್ಕೊಂಡವನು. ಮೈಸೂರಿನವರು ನೀವು, ಯಾರ್ಕ್‌ಟೌನನ್ನು ಹೇಗೆ ಮರೀತೀರಿ? ಎರಡನೇ ಪೇಪರ್‌ನಲ್ಲಿ 1965ರ ವಲಸೆ ಕಾಯ್ದೆ ಬರುತ್ತೆ. ದೇಶವಾರು ಹಳೇ ಕೋಟಾ ಪದ್ಧತಿ ಹೋಗಿ ನಮ್ಮ ಜನ ಇಷ್ಟು ಸಂಖ್ಯೆಯಲ್ಲಿ ಇಲ್ಲಿಗೆ ಬರೋ ಹಾಗಾಗಿದ್ದು ಅದರಿಂದ. ನನಗೆ ಆ ಪುಟ ಓದುವಾಗ ಮೈ ಜುಮ್ ಅಂದಿತ್ತು.

ದುಡ್ಡಿನ ವಿಚಾರ. ಮಾಡರ್ನ್ ಸ್ಟೇಟ್ಸ್ ಅನ್ನೋ ಸಂಸ್ಥೆ ಕ್ಲೆಪ್ ವಿಷಯಗಳ ಉಚಿತ ಆನ್‌ಲೈನ್ ಪಾಠ ಕೊಡುತ್ತೆ, ಪಾಠ ಮುಗಿಸಿದವರಿಗೆ ಪರೀಕ್ಷೆಯ ಶುಲ್ಕದ ವೋಚರ್ ಕೂಡ. ಓದೋಕೆ ಹ್ಯೂಸ್ಟನ್‌ನ ರೈಸ್ ಯೂನಿವರ್ಸಿಟಿಯ ಓಪನ್‌ಸ್ಟ್ಯಾಕ್ಸ್‌ನಲ್ಲಿ ಎರಡೂ ವಿಷಯದ ಪಠ್ಯಪುಸ್ತಕ ಉಚಿತವಾಗಿ ಸಿಗುತ್ತೆ. ವಿಡಿಯೋ ಮಾತ್ರ ನೋಡಿ ಹೋಗಬೇಡಿ. ಪುಸ್ತಕ ಓದಿ, ಪ್ರಾಕ್ಟೀಸ್ ಪೇಪರನ್ನು ಗಡಿಯಾರ ಇಟ್ಕೊಂಡು ಮಾಡಿ. 90 ನಿಮಿಷಕ್ಕೆ 120 ಪ್ರಶ್ನೆ ಅಂದ್ರೆ ಒಂದಕ್ಕೆ 45 ಸೆಕೆಂಡ್. ತಪ್ಪಿಗೆ ಅಂಕ ಕಳೆಯಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಗೊತ್ತಿಲ್ಲದ್ದಕ್ಕೆ ಗುರುತು ಹಾಕಿ ಮುಂದೆ ಹೋಗಿ, ಆಮೇಲೆ ವಾಪಸ್ ಬರಬಹುದು.

ಕೊನೇದು, ದಯವಿಟ್ಟು ಇದನ್ನ ಇವತ್ತೇ ನೋಡಿ: ಪಾಸ್‌ಪೋರ್ಟಿನಲ್ಲಿ ನಿಮ್ಮ ಹೆಸರು ಹೇಗಿದೆ? ನಂದರಲ್ಲಿ ಸರ್‌ನೇಮ್ ಜಾಗ ಖಾಲಿ, ಅಪ್ಪನ ಹೆಸರು ನನ್ನ ಹೆಸರಿನ ಜೊತೆಗೇ ಸೇರಿಕೊಂಡಿತ್ತು. ಕ್ಲೆಪ್ ಅಕೌಂಟ್ ಮಾಡುವಾಗ ಗಂಡನ ಹೆಸರು ಹಾಕಿಬಿಟ್ಟಿದ್ದೆ. ಪರೀಕ್ಷೆ ದಿನ ಹೆಸರು ತಾಳೆ ಆಗಲಿಲ್ಲ, ಬಾಗಿಲಿಂದಲೇ ವಾಪಸ್ ಬಂದೆ. ಅಕೌಂಟ್‌ನಲ್ಲಿರೋ ಹೆಸರು ಐಡಿಯಲ್ಲಿರೋ ಹಾಗೇ ಇರಬೇಕು. ನಿಮ್ಮ ಪಾಸ್‌ಪೋರ್ಟೂ ಹಾಗೇ ಇದ್ರೆ, ಅಕೌಂಟ್ ಮಾಡೋ ಮೊದಲು ಟೆಸ್ಟ್ ಸೆಂಟರ್‌ಗೆ ಫೋನ್ ಮಾಡಿ ಯಾವ ಐಡಿ ತರಲಿ, ಹೆಸರು ಹೇಗೆ ಹಾಕಲಿ ಅಂತ ಕೇಳಿ. ಎರಡೂ ಕಾಲೇಜಿನ ಪಟ್ಟಿ ಸಿಕ್ಕಮೇಲೆ ಇಲ್ಲೇ ಹಾಕಿ, ಕೂತು ಒಟ್ಟಿಗೆ ನೋಡೋಣ.