ಹಗ್ಗದ ಗಂಟು ಮತ್ತು ನೆಲದ ಕಂಪನ: ಒಂದು ಲೇಖನಕ್ಕೆ ಉತ್ತರ

ಮುಂಬಯಿ

ಮಾನ್ಯರೇ,

ಪುಣೆಯಿಂದ ನೀವು ಕಳುಹಿಸಿದ ‘ಭೂಕಂಪನ ಮಾಪಕದಿಂದ ಅಂತರ್ಜಲ ಶೋಧ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲಾರೆ. ವಿಷಯ ಮಹತ್ವದ್ದು, ಅದರಲ್ಲಿ ನಿಮಗಿರುವ ಆಸಕ್ತಿ ನಿಜವಾದದ್ದು, ಮೇಲಾಗಿ ಆರನೆಯ ಪುಟದಲ್ಲಿ ನಾಲ್ಕೇ ಸಾಲಿನಲ್ಲಿ ಹೇಳಿ ಮುಗಿಸಿರುವ ಒಂದು ಸಂಗತಿ ಇಡೀ ಲೇಖನವನ್ನು ಹೊರಬಲ್ಲದು ಎಂದು ನನಗನ್ನಿಸಿದ್ದರಿಂದ ಇಷ್ಟು ಉದ್ದದ ಪತ್ರ ಬರೆಯುತ್ತಿದ್ದೇನೆ.

ಮೊದಲು ತಪ್ಪಿನ ಮಾತು. ನೀರು ತುಂಬಿದ ನೆಲದಲ್ಲಿ ಕಂಪನದ ಅಲೆಗಳು ವೇಗವಾಗಿ ಸಾಗುತ್ತವೆ ಎಂದು ಎರಡನೆಯ ಪುಟದಲ್ಲಿ ಬರೆದಿದ್ದೀರಿ. ನಾಲ್ಕನೆಯ ಪುಟದಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಮಳೆ ಬಿದ್ದ ಮೇಲೆ ವೇಗ ಕುಗ್ಗಿತು ಎಂದಿದ್ದೀರಿ. ಓದುಗರು ಇಲ್ಲಿ ಕಂಗೆಡುತ್ತಾರೆ. ಎರಡೂ ನಿಜ, ಅವು ಬೇರೆ ಬೇರೆ ಅಲೆಗಳ ವಿಷಯ ಎಂಬುದನ್ನು ನೀವು ಹೇಳಿಲ್ಲ. ಒತ್ತಿ ಹಿಗ್ಗುತ್ತ ಸಾಗುವ ಪ್ರಾಥಮಿಕ ಅಲೆ ಒಣ ಮರಳಿನಲ್ಲಿ ಸೆಕೆಂಡಿಗೆ ಕೆಲವು ನೂರು ಮೀಟರ್ ಹೋಗುತ್ತದೆ, ಅದೇ ಮರಳು ನೀರಿನಿಂದ ತುಂಬಿದರೆ ಸುಮಾರು 1,500 ಮೀಟರ್ ಹೋಗುತ್ತದೆ. ಲೋಹದ ಹಲಗೆಗೆ ಸುತ್ತಿಗೆಯಿಂದ ಹೊಡೆದು, ಸಾಲಾಗಿ ನೆಟ್ಟ ಜಿಯೋಫೋನುಗಳಲ್ಲಿ (ನೆಲದ ಕಂಪನವನ್ನು ಗ್ರಹಿಸುವ ಸಣ್ಣ ಸಾಧನಗಳಲ್ಲಿ) ಅಲೆ ಮುಟ್ಟುವ ಕಾಲವನ್ನು ಅಳೆಯುವ ಹಳೆಯ ವಿಧಾನ ಈ ಜಿಗಿತವನ್ನೇ ನಂಬಿದೆ. ನೆಲವನ್ನು ಅಡ್ಡಕ್ಕೆ ಅಲುಗಿಸುತ್ತ ಸಾಗುವ ಅಲೆಯ ಕಥೆ ಬೇರೆ. ನೀರಿನ ಮಟ್ಟ ಏರಿದಂತೆ ಕಲ್ಲು ಮಣ್ಣಿನ ಸಂದುಗಳಲ್ಲಿ ನೀರಿನ ಒತ್ತಡ ಹೆಚ್ಚುತ್ತದೆ, ಕಣಗಳು ಒಂದನ್ನೊಂದು ಒತ್ತಿ ಹಿಡಿದ ಬಿಗಿ ಸಡಿಲವಾಗುತ್ತದೆ, ಆಗ ಈ ಅಲೆ ತುಸು ನಿಧಾನವಾಗುತ್ತದೆ. ಪಂಪು ಹಚ್ಚಿ ನೀರೆತ್ತಿದರೆ ಬಿಗಿ ಮರಳಿ ಬಂದು ವೇಗ ಹೆಚ್ಚುತ್ತದೆ. ಈ ಏರಿಳಿತ ಸಾಮಾನ್ಯವಾಗಿ ಶೇಕಡಾ ಒಂದಕ್ಕಿಂತಲೂ ಕಡಿಮೆ. ಅಷ್ಟು ಸಣ್ಣ ಬದಲಾವಣೆಯನ್ನು ವರ್ಷಗಟ್ಟಲೆ ಬಿಡದೆ ಅಳೆಯಲು ಸಾಧ್ಯವಾಗಿರುವುದೇ ಈ ವಿಷಯದ ಅಚ್ಚರಿ, ನಿಮ್ಮ ಲೇಖನದಲ್ಲಿ ಕಾಣದೇ ಹೋದದ್ದೂ ಅದೇ.

ಶೀರ್ಷಿಕೆಯ ‘ಶೋಧ’ ಎಂಬ ಪದವೂ ದಾರಿ ತಪ್ಪಿಸುತ್ತದೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರಿನ ಸೆಲೆ ತೋರಿಸುವವರ ಜೊತೆಗೆ ಈ ಉಪಕರಣವನ್ನು ಹೋಲಿಸಿದ್ದೀರಿ. ಹೋಲಿಕೆ ಓದಲು ಸೊಗಸಾಗಿದ್ದರೂ ಅದನ್ನು ತೆಗೆಯಲೇಬೇಕು. ಬೋರ್‌ವೆಲ್ ಎಲ್ಲಿ ಕೊರೆಯಬೇಕೆಂದು ತಿಳಿಯಲು ನಮ್ಮಲ್ಲಿ ಸಾಮಾನ್ಯವಾಗಿ ಮಾಡುವುದು ನೆಲದ ವಿದ್ಯುತ್ ರೋಧದ ಪರೀಕ್ಷೆ. ನೀವು ವಿವರಿಸಿದ ವಿಧಾನದ ಕೆಲಸ, ನೀರು ಇದೆಯೆಂದು ಮೊದಲೇ ಗೊತ್ತಿರುವ ಒಂದು ವಿಸ್ತಾರದಲ್ಲಿ ಅದು ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ಎಂದು ದಿನದಿನವೂ ನೋಡುತ್ತಿರುವುದು. ಇದಕ್ಕೆ ಭೂಕಂಪವೂ ಬೇಕಿಲ್ಲ. ಕಡಲಿನ ಅಲೆಗಳಿಂದಲೂ ರಸ್ತೆಯ ಲಾರಿಗಳಿಂದಲೂ ನೆಲದಲ್ಲಿ ಸದಾ ನಡೆಯುವ ಸಣ್ಣ ಕಂಪನವನ್ನು ಎರಡು ಕೇಂದ್ರಗಳಲ್ಲಿ ದಾಖಲಿಸಿ, ಒಂದನ್ನು ಇನ್ನೊಂದಕ್ಕೆ ಹೊಂದಿಸಿ ನೋಡಿದರೆ ನಡುವಿನ ನೆಲದಲ್ಲಿ ಅಲೆಯ ವೇಗ ತಿಳಿಯುತ್ತದೆ. ಇದನ್ನು ‘ಸುತ್ತುವರಿದ ಭೂಕಂಪನೀಯ ಗದ್ದಲ’ ಎಂದು ಬರೆದಿದ್ದೀರಿ. ಅದು ಇಂಗ್ಲಿಷಿನ ನೆರಳು. ‘ನೆಲದ ಗುನುಗು’ ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ.

ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಭಾಗವನ್ನು ಪೂರ್ತಿ ಬಿಡಿ. 1967ರ ಡಿಸೆಂಬರ್ 11ರ ಭೂಕಂಪಕ್ಕೆ ಜಲಾಶಯದ ನೀರು ಪ್ರಚೋದನೆ ಕೊಟ್ಟದ್ದು ದೊಡ್ಡ ವಿಷಯ, ಅದು ಬೇರೊಂದು ಲೇಖನದ್ದು.

ಕ್ಯಾಲಿಫೋರ್ನಿಯಾಕ್ಕೆ ಮೂರು ಪುಟ ಕೊಟ್ಟಿದ್ದೀರಿ, ನೀವು ನಿಂತ ನೆಲಕ್ಕೆ ಒಂದು ವಾಕ್ಯವನ್ನೂ ಕೊಟ್ಟಿಲ್ಲ. ಇದೇ ನನ್ನ ಮುಖ್ಯ ಆಕ್ಷೇಪ. ಲಾಸ್ ಏಂಜಲೀಸಿನ ಸುತ್ತ ಮರಳು ಜಲ್ಲಿ ತುಂಬಿದ ಆಳವಾದ ಕಣಿವೆಗಳಿವೆ, ದಶಕಗಳಿಂದ ನಡೆಯುತ್ತಿರುವ ದಟ್ಟವಾದ ಭೂಕಂಪನ ಕೇಂದ್ರಗಳ ಜಾಲವಿದೆ. ಹಾಗಾಗಿ 2023ರ ಆರಂಭದ ಬಿರುಮಳೆಯ ನಂತರ ಮೇಲಿನ ಪದರಗಳು ಬೇಗ ತುಂಬಿಕೊಂಡು ಆಳದ ಪದರಗಳು ಬಹಳ ಹಿಂದುಳಿದದ್ದನ್ನು ಅಲ್ಲಿ ಬೇರ್ಪಡಿಸಿ ನೋಡಲಾಯಿತು. ಪುಣೆಯ ಕೆಳಗಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದು ಗಟ್ಟಿಯಾದ ಲಾವಾ. ಇಲ್ಲಿ ನೀರು ಇರುವುದು ಬಂಡೆ ಶಿಥಿಲವಾಗಿ ಉಂಟಾದ ಮೇಲಿನ ಮುರುಮಿನಲ್ಲಿ, ಗುಳ್ಳೆಗಳ ತೂತಿರುವ ಪದರಗಳಲ್ಲಿ, ಬಂಡೆಯ ಬಿರುಕುಗಳಲ್ಲಿ. ಒಂದು ಬಾವಿಗೆ ನೀರು ಬಂದರೆ ಕೂಗಳತೆಯಲ್ಲಿರುವ ಮತ್ತೊಂದು ಬತ್ತಿರಬಹುದು. ಎರಡು ಕೇಂದ್ರಗಳ ನಡುವಿನ ಸರಾಸರಿಯನ್ನು ಹೇಳುವ ವಿಧಾನ ಇಂಥ ನೆಲದಲ್ಲಿ ಎಷ್ಟರಮಟ್ಟಿಗೆ ನೆರವಾದೀತು ಎಂಬ ಪ್ರಶ್ನೆಯನ್ನು ಲೇಖನ ಎತ್ತಲೇಬೇಕು. ಇದರ ಜೊತೆಗೆ ನಮ್ಮ ಮಳೆಗಾಲದ ತೊಡಕೊಂದಿದೆ: ಜೂನಿನಲ್ಲಿ ಅರಬ್ಬಿ ಸಮುದ್ರ ಕೆರಳಿದಾಗ ನೆಲದ ಗುನುಗೇ ಬದಲಾಗುತ್ತದೆ, ಅದೇ ಹೊತ್ತಿಗೆ ಅಂತರ್ಜಲವೂ ಏರತೊಡಗುತ್ತದೆ, ಇವೆರಡನ್ನೂ ಬಿಡಿಸಿ ನೋಡದಿದ್ದರೆ ಕಡಲಿನ ಅಬ್ಬರವನ್ನೇ ಬಾವಿಯ ನೀರೆಂದು ಎಣಿಸುವ ಅಪಾಯವಿದೆ.

ಹಾಗಿದ್ದರೂ ಈ ವಿಧಾನ ನಮಗೆ ಬೇಕು ಎಂದೇ ನಾನೂ ನಂಬಿದ್ದೇನೆ. ಕೇಂದ್ರೀಯ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳ ಮಟ್ಟವನ್ನು ವಾಡಿಕೆಯಂತೆ ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ. 2002ರಲ್ಲಿ ಹಾರಿಬಿಟ್ಟ ಗ್ರೇಸ್ ಉಪಗ್ರಹಗಳು ಗುರುತ್ವದಿಂದ ನೀರಿನ ತೂಕ ಹೇಳಿದವಾದರೂ ನೂರಾರು ಕಿಲೋಮೀಟರಿನ ವಿಸ್ತಾರಕ್ಕಿಂತ ಚಿಕ್ಕದನ್ನು ಅವು ಕಾಣಲಾರದೆ ಹೋದವು. ಒಂದು ತಾಲ್ಲೂಕಿನ ಅಳತೆಯಲ್ಲಿ, ದಿನದಿನದ ಲೆಕ್ಕ ಕೊಡಬಲ್ಲ ಸಾಧನಕ್ಕೆ ನಡುವೆ ಜಾಗ ಖಾಲಿಯಿದೆ. ಆ ಸಾಧನ ಹೇಳುವುದು ವೇಗದ ಬದಲಾವಣೆಯನ್ನು ಮಾತ್ರ. ಆ ಬದಲಾವಣೆ ಎಷ್ಟು ಅಡಿ ನೀರಿಗೆ ಸಮ ಎಂದು ತಿಳಿಯಬೇಕಾದರೆ ಯಾರಾದರೂ ಬಾವಿಗೆ ಹಗ್ಗ ಬಿಟ್ಟು ಅಳೆದಿರಲೇಬೇಕು.

ಆರನೆಯ ಪುಟದ ಆ ನಾಲ್ಕು ಸಾಲು ಇದೇ ಅಲ್ಲವೇ? ವಿಜಯಪುರದಿಂದ ಬಂದು ಪುಣೆಯ ಪಕ್ಕದ ಚಿಂಚವಾಡದಲ್ಲಿ ನೆಲೆಸಿದ ನಿಮ್ಮ ತಂದೆಯವರು, ವಸತಿ ಸೊಸೈಟಿಯ ಹಳೆಯ ಬಾವಿಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟು, ತಿಂಗಳ ಮೊದಲ ಭಾನುವಾರದ ನೀರಿನ ಮಟ್ಟವನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಹದಿನೇಳು ವರ್ಷ ಬರೆದಿಟ್ಟಿದ್ದಾರೆ. ‘ಹಿಂದಿನವರ ಕ್ರಮ’ ಎಂದು ಅದನ್ನು ಬದಿಗೆ ಸರಿಸಿಬಿಟ್ಟಿದ್ದೀರಿ. ಲೇಖನ ಆ ಹಗ್ಗದಿಂದಲೇ ಆರಂಭವಾಗಲಿ. ಯಾವ ವರ್ಷ ಮೇ ತಿಂಗಳಿನಲ್ಲಿ ಎಷ್ಟನೆಯ ಗಂಟು ನೆನೆಯಿತು, ಟ್ಯಾಂಕರ್ ಯಾವಾಗ ಬರತೊಡಗಿತು, ಪಕ್ಕದ ಸೊಸೈಟಿ ಬೋರ್ ಕೊರೆಸಿದ ಮೇಲೆ ಏನಾಯಿತು ಎಂಬುದನ್ನೆಲ್ಲ ಅಂಕಿಗಳೊಂದಿಗೆ ಬರೆಯಿರಿ. ಅಲೆಗಳ ವೇಗದ ಮಾತು ಅದರ ನಂತರ ಬರಲಿ, ಕ್ಯಾಲಿಫೋರ್ನಿಯಾ ಒಂದು ಪುಟಕ್ಕೆ ಇಳಿಯಲಿ.

ತಂದೆಯವರ ಪುಸ್ತಕದ ಎರಡು ಮೂರು ಪುಟಗಳ ಛಾಯಾಚಿತ್ರವನ್ನೂ, ಅದನ್ನು ಪ್ರಕಟಿಸಲು ಅವರ ಒಪ್ಪಿಗೆಯನ್ನೂ ಕಳುಹಿಸಿ. ಹಗ್ಗದ ಒಂದು ಗಂಟಿನಿಂದ ಮತ್ತೊಂದು ಗಂಟಿಗೆ ಎಷ್ಟು ಅಡಿ ಎಂಬುದನ್ನು ಅವರನ್ನೇ ಕೇಳಿ ಬರೆದುಕೊಳ್ಳಿ. ಹಸ್ತಪ್ರತಿಯಲ್ಲಿ ಅದು ಎಲ್ಲಿಯೂ ಇಲ್ಲ.

ವಿಶ್ವಾಸದಿಂದ,
ಸಂಪಾದಕ